ನೆಲದಡಿಯ 17 ದಿನ: ಚಿಲಿಯ ಸಾನ್ ಹೋಸೆ ಗಣಿಯ ಒಂದು ಪ್ರಕರಣ ಅಧ್ಯಯನ

ಕಷ್ಟದಲ್ಲಿರುವವರಿಗೆ ನಾವೆಲ್ಲ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ಧೈರ್ಯವಾಗಿರಿ, ಎಲ್ಲ ಸರಿಹೋಗುತ್ತೆ." ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಕೇಳಿಸಿಕೊಂಡವರಿಗೆ ಇವತ್ತು ಬೆಳಗ್ಗೆ ಎದ್ದು ಏನು ಮಾಡಬೇಕು ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ. ಮನಸ್ಸಿನಲ್ಲಿ ಭರವಸೆಯೇ ಉಳಿದಿಲ್ಲದವರು ಅದನ್ನು ಎಲ್ಲಿಂದ ತರಬೇಕು? ಈ ಪ್ರಶ್ನೆ ನನ್ನನ್ನು ಬಹಳ ದಿನದಿಂದ ಕಾಡಿದೆ. ಅದಕ್ಕೆ ನನಗೆ ಸಿಕ್ಕ ಅತ್ಯಂತ ಸ್ಪಷ್ಟವಾದ ಉತ್ತರ ಒಂದು ಗಣಿ ದುರಂತದ ವಿವರಗಳಲ್ಲಿದೆ.

2010ರಲ್ಲಿ ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ 33 ಗಣಿ ಕಾರ್ಮಿಕರು ನೆಲದಡಿ ಸಿಕ್ಕಿಬಿದ್ದರು. 69 ದಿನಗಳ ನಂತರ ಎಲ್ಲರೂ ಜೀವಂತವಾಗಿ ಹೊರಗೆ ಬಂದರು. ಅವರನ್ನು ಒಬ್ಬೊಬ್ಬರನ್ನಾಗಿ ಮೇಲೆತ್ತುವುದನ್ನು ಜಗತ್ತೇ ಟಿವಿಯಲ್ಲಿ ನೋಡಿತು. ನಿಮ್ಮಲ್ಲೂ ಹಲವರಿಗೆ ಆ ದೃಶ್ಯ ನೆನಪಿರಬಹುದು. ಆದರೆ ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸುವುದು ಯಾವ ಕ್ಯಾಮೆರಾಗೂ ಸಿಗದ ಮೊದಲ 17 ದಿನ. ಅವರು ಬದುಕಿದ್ದಾರೆ ಅಂತ ಮೇಲಿನವರಿಗೆ ಗೊತ್ತಿರಲಿಲ್ಲ. ತಮ್ಮನ್ನು ಯಾರಾದರೂ ತಲುಪುತ್ತಾರೆ ಅಂತ ಕೆಳಗಿನವರಿಗೆ ಗೊತ್ತಿರಲಿಲ್ಲ. ಅಂಥ ಕತ್ತಲೆಯಲ್ಲಿ ಅವರು ಏನೇನು ಮಾಡಿದರು ಅನ್ನುವುದೇ ಈ ಬರಹದ ಮುಖ್ಯ ಭಾಗ.

ಗಣಿ ಮತ್ತು ಆ ದಿನ

ಚಿಲಿಯ ಉತ್ತರ ಭಾಗದಲ್ಲಿ ಅಟಕಾಮಾ ಮರುಭೂಮಿ ಇದೆ. ಜಗತ್ತಿನ ಅತಿ ಒಣ ಜಾಗಗಳಲ್ಲಿ ಅದೂ ಒಂದು. ಅಲ್ಲಿನ ಕೊಪಿಯಾಪೊ ಪಟ್ಟಣದಿಂದ ಸುಮಾರು 45 ಕಿಲೋಮೀಟರ್ ದೂರದಲ್ಲಿ ಸಾನ್ ಹೋಸೆ ಅನ್ನುವ ತಾಮ್ರ ಮತ್ತು ಚಿನ್ನದ ಗಣಿ. ನೂರು ವರ್ಷಕ್ಕೂ ಹಳೆಯದು. ಒಳಗೆ ಲಿಫ್ಟ್ ಇರಲಿಲ್ಲ. ಬೆಟ್ಟದೊಳಗೆ ಸುತ್ತುತ್ತಾ ಸುತ್ತುತ್ತಾ ಕೆಳಕ್ಕಿಳಿಯುವ ಒಂದು ಇಳಿಜಾರು ದಾರಿ. ಲಾರಿಗಳು, ಜೀಪುಗಳು ಅದರಲ್ಲೇ ಓಡಾಡಬೇಕು. ಅಂದರೆ ಹೊರಗೆ ಬರಲು ಇದ್ದದ್ದು ಒಂದೇ ದಾರಿ.

ಈ ಗಣಿ ಅಪಾಯಕಾರಿ ಅನ್ನುವುದು ಸುತ್ತಮುತ್ತಲಿನವರಿಗೆಲ್ಲ ಗೊತ್ತಿತ್ತು. ಒಬ್ಬ ಕಾರ್ಮಿಕ ಸತ್ತ ಮೇಲೆ 2007ರಲ್ಲಿ ಅದನ್ನು ಮುಚ್ಚಿಸಿದ್ದರು. ಮರುವರ್ಷ ಮತ್ತೆ ತೆರೆಯಿತು. ಅಕ್ಕಪಕ್ಕದ ಗಣಿಗಳಿಗಿಂತ ಇಲ್ಲಿ ಸಂಬಳ ಸ್ವಲ್ಪ ಜಾಸ್ತಿ. ಆ ಜಾಸ್ತಿ ಹಣ ಯಾವುದಕ್ಕೆ ಅಂತ ಕೆಲಸಕ್ಕೆ ಬರುವವರಿಗೆ ತಿಳಿದೇ ಇತ್ತು. ಮನೆ ಕಟ್ಟಬೇಕು, ಮಕ್ಕಳ ಓದು, ಸಾಲ. ಈ ಲೆಕ್ಕ ನಮ್ಮ ಕೋಲಾರದ ಚಿನ್ನದ ಗಣಿಗಳ ಮನೆತನಗಳಿಗೆ ಹೊಸದಲ್ಲ. 2001ರಲ್ಲಿ ಮುಚ್ಚುವ ಹೊತ್ತಿಗೆ ಅಲ್ಲಿನ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿತ್ತು. ಬಂಡೆ ಸಿಡಿದು ಜನ ಸಾಯುವುದನ್ನು ಆ ಊರು ಎಷ್ಟೋ ಸಲ ನೋಡಿದೆ.

2010ರ ಆಗಸ್ಟ್ 5, ಗುರುವಾರ, ಮಧ್ಯಾಹ್ನ. ಬೆಟ್ಟದ ಒಳಗಿನ ಒಂದು ಬೃಹತ್ ಬಂಡೆ ಕಳಚಿ ಕೆಳಗಿಳಿಯಿತು. ಲಕ್ಷಗಟ್ಟಲೆ ಟನ್ ತೂಕದ್ದು. ಇಳಿಜಾರು ದಾರಿಯನ್ನು ಅದು ಹಲವು ಹಂತಗಳಲ್ಲಿ ಮುರಿದುಹಾಕಿತು. ಗಣಿಯ ತಳಭಾಗದಲ್ಲಿದ್ದ 33 ಮಂದಿ ಧೂಳಿನ ಮೋಡದಲ್ಲಿ ಗಂಟೆಗಟ್ಟಲೆ ಏನೂ ಕಾಣದೆ ತಡಕಾಡಿದರು. ಒಬ್ಬರಿಗೂ ಪ್ರಾಣಾಪಾಯ ಆಗಿರಲಿಲ್ಲ. ಅತ್ಯಂತ ಕಿರಿಯನಿಗೆ 19 ವರ್ಷ. ಹಿರಿಯರಾದ ಮಾರಿಯೊ ಗೋಮೆಸ್ ಅವರಿಗೆ 63. ಬಾಲ್ಯದಲ್ಲೇ ಗಣಿಗಿಳಿದವರು, ಶ್ವಾಸಕೋಶದಲ್ಲಿ ಗಣಿ ಧೂಳಿನ ಕಾಯಿಲೆ ಇತ್ತು. 32 ಮಂದಿ ಚಿಲಿಯವರು, ಒಬ್ಬರು ಪಕ್ಕದ ಬೊಲಿವಿಯಾದವರು. ಅವರು ಕೆಲಸಕ್ಕೆ ಸೇರಿ ಕೆಲವೇ ದಿನ ಆಗಿತ್ತು.

ಧೂಳು ಇಳಿದ ಮೇಲೆ ಕೆಲವರು ದಾರಿ ಹುಡುಕಲು ಹೊರಟರು. ಇಳಿಜಾರು ದಾರಿಗೆ ಅಡ್ಡವಾಗಿ ಗೋಡೆಯಂತೆ ಬಂಡೆ ನಿಂತಿತ್ತು. ಗಾಳಿ ಬರಲು ಕೊರೆದಿದ್ದ ಕೊಳವೆಯಂಥ ಲಂಬ ಬಾವಿಯೊಂದಿತ್ತು. ಅಪಘಾತವಾದರೆ ಅದರಲ್ಲಿ ಏಣಿ ಹತ್ತಿ ಮೇಲೆ ಹೋಗುವಂತಿರಬೇಕು. ಕತ್ತಲೆಯಲ್ಲಿ ಜೀವ ಕೈಯಲ್ಲಿ ಹಿಡಿದು ಹತ್ತಿದರು. ಒಂದು ಹಂತದ ನಂತರ ಏಣಿಯೇ ಇರಲಿಲ್ಲ. ಹಾಕಬೇಕಿದ್ದವರು ಹಾಕಿಯೇ ಇರಲಿಲ್ಲ. ಎರಡು ದಿನದ ನಂತರ ಇನ್ನೊಂದು ಕುಸಿತವಾಗಿ ಆ ಬಾವಿಯೂ ಮುಚ್ಚಿಹೋಯಿತು.

ಈ ಏಣಿಯ ವಿಷಯವನ್ನು ನಾನು ಬೇಕೆಂದೇ ಇಲ್ಲಿ ಹೇಳುತ್ತಿದ್ದೇನೆ. ಸ್ಫೂರ್ತಿಯ ಕಥೆಗಳಲ್ಲಿ ಇಂಥ ವಿವರ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಆ 33 ಜನ ತೋರಿಸಿದ ಧೈರ್ಯ ದೊಡ್ಡದು, ನಿಜ. ಆದರೆ ಏಣಿ ಇದ್ದಿದ್ದರೆ ಅಷ್ಟು ಧೈರ್ಯ ಬೇಕೇ ಆಗುತ್ತಿರಲಿಲ್ಲ.

ಮೊದಲ ರಾತ್ರಿಯ ಬಿಸ್ಕತ್ತು

ಸುಮಾರು 700 ಮೀಟರ್ ಆಳದಲ್ಲಿ ಒಂದು ಆಶ್ರಯ ಕೊಠಡಿ ಇತ್ತು. ಸುಮಾರು 50 ಚದರ ಮೀಟರ್ ಜಾಗ. ತುರ್ತು ಸಮಯಕ್ಕೆಂದು ಅಲ್ಲಿ ಒಂದು ಪೆಟ್ಟಿಗೆಯಲ್ಲಿ ತಿನ್ನುವ ವಸ್ತುಗಳಿದ್ದವು. ಒಂದಷ್ಟು ಟ್ಯೂನಾ ಮೀನಿನ ಡಬ್ಬಿ, ಬಿಸ್ಕತ್ತಿನ ಪೊಟ್ಟಣ, ಹಾಲು. ಹಾಲಿನಲ್ಲಿ ಸ್ವಲ್ಪ ಕೆಟ್ಟಿತ್ತು. ಇಷ್ಟೂ ಸೇರಿ ಎರಡು ದಿನಕ್ಕೆ ಸಾಕಾಗುವಷ್ಟು.

ಮೊದಲ ರಾತ್ರಿ ಏನಾಯಿತು ಗೊತ್ತಾ? ಕೆಲವರು ಹಸಿವು, ಗಾಬರಿ ತಡೆಯದೆ ಪೆಟ್ಟಿಗೆ ಒಡೆದು ಬಿಸ್ಕತ್ತು, ಹಾಲು ತೆಗೆದು ತಿಂದರು. ಉಳಿದವರು ಆಗ ದಾರಿ ಹುಡುಕಲು ಹೋಗಿದ್ದರು. ವಾಪಸ್ ಬಂದು ನೋಡಿದರೆ ಖಾಲಿ ಪೊಟ್ಟಣಗಳು. ಅಲ್ಲೇ ಹೊಡೆದಾಟ ಆಗಬಹುದಿತ್ತು. ಹೊಡೆದಾಟ ಆಗಿದ್ದರೆ ನಾವು ಇವತ್ತು ಓದುತ್ತಿದ್ದದ್ದು ಬೇರೆಯೇ ಕಥೆ.

ಈ ಘಟನೆ ನನಗೆ ತುಂಬಾ ಮುಖ್ಯ. ಈ 33 ಮಂದಿ ಆರಿಸಿ ತಂದ ವೀರರಲ್ಲ. ನಮ್ಮ ನಿಮ್ಮ ಹಾಗೆ ಹೆದರುವವರು. ಮೊದಲ ಗಂಟೆಗಳಲ್ಲಿ ಅವರೂ ಎಲ್ಲರಂತೆಯೇ ನಡೆದುಕೊಂಡರು. ಬದಲಾದದ್ದು ಆಮೇಲೆ, ಅದೂ ಒಂದು ನಿಯಮದಿಂದ.

ಶಿಫ್ಟಿನ ಮೇಲ್ವಿಚಾರಕ ಲೂಯಿಸ್ ಉರ್ಸೂವಾ, 54 ವರ್ಷ. ಮೇಲ್ವಿಚಾರಕರು ಮಾತ್ರ ಹಾಕುವ ಬಿಳಿ ಹೆಲ್ಮೆಟ್ ಅವರ ತಲೆಯ ಮೇಲಿತ್ತು. ಅದನ್ನು ತೆಗೆದಿಟ್ಟು, ಇಲ್ಲಿ ಇನ್ನು ಮೇಲಿನವರು ಕೆಳಗಿನವರು ಅಂತ ಇಲ್ಲ, ಎಲ್ಲ ಒಂದೇ ಅಂದರು. ಇನ್ನು ಮುಂದೆ ಏನೇ ತೀರ್ಮಾನ ಆದರೂ ಮತಕ್ಕೆ ಹಾಕಿಯೇ ಆಗಬೇಕು. 33 ಜನರಲ್ಲಿ ಬಹುಮತ ಅಂದರೆ 17. ಇದನ್ನು ಅವರು ಆಮೇಲೆ "16 ಮತ್ತು 1" ಅಂತ ಲೆಕ್ಕ ಹೇಳಿ ವಿವರಿಸಿದ್ದುಂಟು.

ಉರ್ಸೂವಾ ಹೀಗೆ ಅಧಿಕಾರ ಬಿಟ್ಟುಕೊಟ್ಟದ್ದು ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. ಮುಂದೆ ನಿಂತು ಆಜ್ಞೆ ಮಾಡಬೇಕಿತ್ತು ಅಂತ ಕೆಲವರಿಗೆ ಅನ್ನಿಸಿತು. ಆ ಜಾಗವನ್ನು ಬೇರೆಬೇರೆಯವರು ತುಂಬಿದರು. ಮಾರಿಯೊ ಸೆಪುಲ್ವೆದಾ ಮಾತುಗಾರ, ಸುಮ್ನೆ ಕೂರದ ಮನುಷ್ಯ. ಊಟ ಹಂಚುವ ಕೆಲಸ ಅವರ ಕೈಗೆ ಬಂತು. ಹೋಸೆ ಎನ್ರಿಕೆಸ್ ದೈವಭಕ್ತರು, ಪ್ರಾರ್ಥನೆ ನಡೆಸುವುದು ಅವರ ಪಾಲಾಯಿತು. ಯೊನ್ನಿ ಬಾರಿಯೊಸ್ ಕಾಯಿಲೆಯ ತಾಯಿಯನ್ನು ನೋಡಿಕೊಂಡು ಒಂದಿಷ್ಟು ಶುಶ್ರೂಷೆ ಕಲಿತಿದ್ದರು, ಅವರೇ ವೈದ್ಯರಾದರು. ಉರ್ಸೂವಾ ಮೊದಲು ಭೂಮಾಪನದ ಕೆಲಸ ಮಾಡಿದ್ದವರು, ಇದ್ದ ಜಾಗದ ನಕ್ಷೆ ಬರೆದರು. ಒಬ್ಬರು ದಿನಚರಿ ಬರೆದಿಟ್ಟರು. ಇನ್ನು ಕೆಲವರು ಲಾರಿಗಳ ಬ್ಯಾಟರಿಯಿಂದ ಹೆಲ್ಮೆಟ್ ದೀಪಗಳಿಗೆ ಚಾರ್ಜ್ ಕೊಡುವ ವ್ಯವಸ್ಥೆ ಮಾಡಿದರು. ನಾಯಕತ್ವ ಅನ್ನುವುದು ಹೀಗೆ ಚೂರುಚೂರಾಗಿ ಹಂಚಿಹೋಯಿತು. ಹಂಚಿಹೋದದ್ದೇ ಒಳ್ಳೆಯದಾಯಿತು ಅನ್ನುವುದು ನನ್ನ ತೀರ್ಮಾನ. ಒಬ್ಬ ಕುಸಿದು ಕೂತ ದಿನ ಇನ್ನೊಬ್ಬನ ಕೆಲಸ ನಡೆಯುತ್ತಿತ್ತು.

ಎರಡು ಚಮಚ ಮೀನು

ಈಗ ಆ ನಿಯಮಕ್ಕೆ ಬರುತ್ತೇನೆ. ಉಳಿದ ಆಹಾರವನ್ನು ಎಣಿಸಿದರು. ತಲೆಗೆ ಒಂದೆರಡು ಚಮಚ ಟ್ಯೂನಾ, ಒಂದು ಗುಟುಕು ಹಾಲು, ಒಂದು ಬಿಸ್ಕತ್ತು. ಮೊದಲು ದಿನಕ್ಕೊಮ್ಮೆ. ಆಮೇಲೆ ಎರಡು ದಿನಕ್ಕೊಮ್ಮೆ. ಕೊನೆಕೊನೆಗೆ ಮೂರು ದಿನಕ್ಕೊಮ್ಮೆ.

ಇದರ ಜೊತೆಗೆ ಇನ್ನೊಂದು ನಿಯಮ: 33 ಜನರ ಕೈಗೂ ಪಾಲು ಬರುವವರೆಗೆ ಯಾರೂ ಬಾಯಿಗಿಡಬಾರದು. ಎಲ್ಲರಿಗೂ ಸಿಕ್ಕ ಮೇಲೆ ಎಲ್ಲರೂ ಒಟ್ಟಿಗೆ ತಿನ್ನಬೇಕು.

ನಮ್ಮಲ್ಲಿ ಪಂಕ್ತಿಯ ಊಟಕ್ಕೆ ಕೂತಾಗ ಕೊನೆಯ ಎಲೆಗೂ ಬಡಿಸಿ ಆಗುವವರೆಗೆ ಕೈ ಹಾಕದೆ ಕಾಯುತ್ತೇವಲ್ಲ, ಹಾಗೆ. ತುಂಬಿದ ಎಲೆಯ ಮುಂದೆ ಕಾಯುವುದು ಶಿಷ್ಟಾಚಾರ. 48 ಗಂಟೆ ಏನೂ ತಿನ್ನದವರು ಒಂದು ಚಮಚ ಮೀನಿನ ಮುಂದೆ ಕಾಯುವುದು ಬೇರೆಯೇ ಮಾತು.

ಆ ಎರಡು ಚಮಚದಿಂದ ದೇಹಕ್ಕೆ ಸಿಕ್ಕಿದ್ದು ತೀರಾ ಕಡಿಮೆ. ಸಂಪರ್ಕ ಸಿಗುವ ಹೊತ್ತಿಗೆ ಒಬ್ಬೊಬ್ಬರು ಎಂಟು, ಹತ್ತು ಕಿಲೋ ಇಳಿದಿದ್ದರು. ಆದರೂ ಆ ಊಟ ಅವರನ್ನು ಉಳಿಸಿತು ಅಂತ ನಾನು ನಂಬುತ್ತೇನೆ. ಯಾಕೆಂದರೆ ಆ ಹೊತ್ತಿಗೆ 33 ಜನರೂ ಒಂದು ಕಡೆ ಸೇರಲೇಬೇಕಿತ್ತು. ಮೂಲೆ ಹಿಡಿದು ಮಲಗಿದವನನ್ನೂ ಎಬ್ಬಿಸಿ ಕರೆಯಲೇಬೇಕಿತ್ತು. ನಾಳಿದ್ದಿನ ಪಾಲು ಪೆಟ್ಟಿಗೆಯಲ್ಲಿ ಉಳಿದಿದೆ ಅನ್ನುವುದನ್ನು ಎಲ್ಲರೂ ಕಣ್ಣಾರೆ ನೋಡುತ್ತಿದ್ದರು. ನಾಳಿದ್ದು ಅನ್ನುವುದು ಒಂದಿದೆ ಅನ್ನುವುದಕ್ಕೆ ಅದೇ ಸಾಕ್ಷಿ. ಆಹಾರವನ್ನು ಮೂರೇ ದಿನದಲ್ಲಿ ತಿಂದು ಮುಗಿಸುವುದು ಅಂದರೆ ನಾವು ಬದುಕುವುದಿಲ್ಲ ಅಂತ ಒಪ್ಪಿಕೊಂಡಂತೆ. ಉಳಿಸಿಡುವುದು ಅಂದರೆ ಯಾರೋ ಬರುತ್ತಾರೆ ಅನ್ನುವ ಪಕ್ಷಕ್ಕೆ ಮತ ಹಾಕಿದಂತೆ. ಮನಸ್ಸು ನಂಬದಿದ್ದರೂ ಕೈ ಆ ಮತ ಹಾಕಬಹುದು. ಈ ಪ್ರಕರಣದಿಂದ ನಾನು ಕಲಿತದ್ದು ಮುಖ್ಯವಾಗಿ ಇದನ್ನೇ.

ಪ್ರಾರ್ಥನೆಯ ವಿಷಯ ಕೂಡ ಹೀಗೇ. ಎಲ್ಲರೂ ಭಕ್ತರೇನಲ್ಲ. ಬೇರೆಬೇರೆ ಪಂಥದವರಿದ್ದರು, ದೇವರನ್ನು ಅಷ್ಟಾಗಿ ನೆನೆಯದವರಿದ್ದರು. ಆದರೂ ದಿನಕ್ಕೊಮ್ಮೆ ಎಲ್ಲರೂ ಸೇರುತ್ತಿದ್ದರು. ಬರುಬರುತ್ತಾ ಆ ಹೊತ್ತು ತಪ್ಪೊಪ್ಪಿಗೆಯ ಹೊತ್ತೂ ಆಯಿತು. ಹಿಂದಿನ ದಿನ ದನಿ ಏರಿಸಿದವನು, ಕೆಲಸ ತಪ್ಪಿಸಿದವನು ಎಲ್ಲರ ಮುಂದೆ ಕ್ಷಮೆ ಕೇಳುತ್ತಿದ್ದನು. ಬಿಸಿಲ ನಾಡಿನ ಬೇಸಿಗೆಯಂಥ ಸೆಕೆ, ತೇವ, ಯಂತ್ರ ತಂಪಾಗಿಸಲು ಇಟ್ಟಿದ್ದ ಎಣ್ಣೆ ವಾಸನೆಯ ನೀರೇ ಕುಡಿಯುವ ನೀರು. ಇಂಥ ಜಾಗದಲ್ಲಿ ಜಗಳ ಆಗದೇ ಇರುತ್ತದೆಯೇ? ಜಗಳ ಆಗುತ್ತಿತ್ತು. ಆದರೆ ಅದನ್ನು ಮಾರನೆಯ ದಿನಕ್ಕೆ ಹೊತ್ತುಕೊಂಡು ಹೋಗದ ಹಾಗೆ ಒಂದು ವ್ಯವಸ್ಥೆ ಇತ್ತು.

ಡ್ರಿಲ್ಲಿನ ಸದ್ದು

ಕೆಲವು ದಿನ ಕಳೆದ ಮೇಲೆ ದೂರದಲ್ಲಿ ಕೊರೆಯುವ ಸದ್ದು ಕೇಳತೊಡಗಿತು. ಮೇಲೆ ಯಾರೋ ಹುಡುಕುತ್ತಿದ್ದಾರೆ! ಆ ಕ್ಷಣದ ಸಂತೋಷ ಊಹಿಸಿಕೊಳ್ಳಬಹುದು. ಆದರೆ ಆ ಸದ್ದೇ ಆಮೇಲೆ ಅವರನ್ನು ಅತಿ ಹೆಚ್ಚು ಹಿಂಸಿಸಿತು. ಹತ್ತಿರ ಬರುತ್ತಿತ್ತು, ನಿಲ್ಲುತ್ತಿತ್ತು. ಗಂಟೆಗಟ್ಟಲೆ ಮೌನ. ಮತ್ತೆ ಶುರು. ಒಂದು ಡ್ರಿಲ್ ತೀರಾ ಹತ್ತಿರ ಬಂದು, ಅವರಿದ್ದ ಜಾಗವನ್ನು ತಪ್ಪಿಸಿ ಇನ್ನೂ ಆಳಕ್ಕೆ ಹೊರಟುಹೋಯಿತು. ಸದ್ದು ಕಾಲ ಕೆಳಗೆ ಇಳಿದದ್ದನ್ನು ಅವರು ಕೇಳಿಸಿಕೊಂಡರು.

ಅದು ಅವರ ಅತಿ ಕೆಟ್ಟ ದಿನಗಳಲ್ಲಿ ಒಂದು. ಹಲವರು ಮನೆಯವರಿಗೆ ಕೊನೆಯ ಪತ್ರ ಬರೆದಿಟ್ಟರು. ಇಲ್ಲೇ ಒಂದು ವಿಷಯ ಗಮನಿಸಬೇಕು. ಆ ಹೊತ್ತಿಗೆ ಅವರಲ್ಲಿ ಬಹಳ ಜನಕ್ಕೆ ಭರವಸೆ ಅನ್ನುವ ಭಾವನೆ ಉಳಿದಿರಲಿಲ್ಲ. ಸಾವಿಗೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದರು. ಆದರೆ ಊಟ ಹಂಚುವ ಕ್ರಮ ನಿಲ್ಲಲಿಲ್ಲ. ಪ್ರಾರ್ಥನೆ ನಿಲ್ಲಲಿಲ್ಲ. ಡ್ರಿಲ್ ತೂರಿ ಬಂದರೆ ಕಳಿಸಬೇಕು ಅಂತ ಚೀಟಿಗಳನ್ನು ಬರೆದು, ಕೆಂಪು ಬಣ್ಣದ ಡಬ್ಬಿ ಹುಡುಕಿ ಸಿದ್ಧವಾಗಿ ಇಟ್ಟುಕೊಂಡರು. ಒಂದೇ ಕೈ ಕೊನೆಯ ಪತ್ರವನ್ನೂ ಬರೆಯಿತು, ಪಾರಾಗುವ ಚೀಟಿಯನ್ನೂ ಬರೆಯಿತು. ಕಷ್ಟದಲ್ಲಿರುವ ಮನುಷ್ಯನಿಗೆ ಎರಡೂ ಸಾಧ್ಯ. ಕುಸಿದುಹೋಗಿದ್ದೇನೆ ಅಂದುಕೊಳ್ಳುತ್ತಲೇ ಇವತ್ತಿನ ಮಾತ್ರೆ ತೆಗೆದುಕೊಳ್ಳುವ ರೋಗಿಗಳನ್ನು, ಅಳುತ್ತಲೇ ಮಕ್ಕಳಿಗೆ ಬುತ್ತಿ ಕಟ್ಟುವ ತಾಯಂದಿರನ್ನು ನಾವೆಲ್ಲ ನೋಡಿದ್ದೇವೆ. ಅವರನ್ನು "ಧೈರ್ಯ ಕಳೆದುಕೊಂಡವರು" ಅನ್ನುವುದು ತಪ್ಪು.

ಮೇಲಿನವರ ಪಾಡು

ಬೆಟ್ಟದ ಮೇಲೆ ಮನೆಯವರು ಡೇರೆ ಹಾಕಿ ಕೂತಿದ್ದರು. ಕಾರ್ಮಿಕರ ಹೆಂಡಿರು, ತಾಯಂದಿರು, ಅಕ್ಕತಂಗಿಯರು. ಮರುಭೂಮಿಯ ರಾತ್ರಿಯ ಚಳಿಯಲ್ಲಿ ಬೆಂಕಿ ಹಾಕಿಕೊಂಡು ಕಾದರು. ಆ ಜಾಗಕ್ಕೆ "ಎಸ್ಪೆರಾನ್ಸಾ" ಅಂತ ಹೆಸರು ಬಂತು, ಭರವಸೆ ಅಂತ ಅರ್ಥ. ಅಲ್ಲಿ ಅಡುಗೆಮನೆ ಶುರುವಾಯಿತು, ಆಮೇಲೆ ಮಕ್ಕಳಿಗೆ ಶಾಲೆಯೂ ಬಂತು. ಗುಡ್ಡದ ಮೇಲೆ 33 ಬಾವುಟ ನೆಟ್ಟರು. 32 ಚಿಲಿಯದು, 1 ಬೊಲಿವಿಯಾದ್ದು.

ಅವರು ಸುಮ್ನೆ ಕಾಯಲಿಲ್ಲ ಅನ್ನುವುದು ಮುಖ್ಯ. ಹುಡುಕಾಟ ನಿಲ್ಲಿಸಬಾರದು ಅಂತ ಪಟ್ಟು ಹಿಡಿದರು. ಎರಡನೇ ಕುಸಿತವಾದ ದಿನ ಗಣಿ ಸಚಿವ ಲಾರೆನ್ಸ್ ಗೋಲ್ಬೋರ್ನ್ ಮನೆಯವರ ಮುಂದೆ ನಿಂತು ಸುದ್ದಿ ಒಳ್ಳೆಯದಿಲ್ಲ ಅಂತ ಹೇಳುವಾಗ ಕಣ್ಣೀರು ಹಾಕಿದರು. ಹೆಂಗಸರು ಅವರಿಗೇ ಧೈರ್ಯ ಹೇಳಿ ವಾಪಸ್ ಕೆಲಸಕ್ಕೆ ಕಳಿಸಿದರು. ಸಚಿವರೊಬ್ಬರು ಜನರ ಮುಂದೆ ಸುಳ್ಳು ಭರವಸೆ ಕೊಡದೆ ಅತ್ತದ್ದು ಅವರ ಮೇಲಿನ ನಂಬಿಕೆಯನ್ನು ಹೆಚ್ಚಿಸಿತು ಅಂತ ನನಗೆ ಅನ್ನಿಸುತ್ತದೆ.

ಸರ್ಕಾರಿ ತಾಮ್ರ ಕಂಪನಿ ಕೊಡೆಲ್ಕೊದ ಎಂಜಿನಿಯರ್ ಆಂದ್ರೆ ಸೂಗಾರೆ ಅವರಿಗೆ ರಕ್ಷಣಾ ಕೆಲಸದ ಹೊಣೆ ಕೊಟ್ಟರು. ಗಣಿಯ ನಕ್ಷೆಗಳು ಹಳೆಯವು, ನಂಬುವಂತಿರಲಿಲ್ಲ. 700 ಮೀಟರ್ ಕೆಳಗಿನ ಒಂದು ಸಣ್ಣ ಸುರಂಗಕ್ಕೆ ಮೇಲಿಂದ ಗುರಿಯಿಟ್ಟು ಕೊರೆಯಬೇಕು. ಕಲ್ಲು ಗಟ್ಟಿ, ಡ್ರಿಲ್ ದಾರಿ ತಪ್ಪುತ್ತದೆ. ಅದಕ್ಕೆ ಒಂದನ್ನೇ ನಂಬದೆ ಹಲವು ಯಂತ್ರಗಳಿಂದ ಹಲವು ಕಡೆ ಕೊರೆದರು.

ಆಗಸ್ಟ್ 22, ಭಾನುವಾರ ಬೆಳಗಿನ ಜಾವ. 688 ಮೀಟರ್ ಕೊರೆದಿದ್ದ ಒಂದು ಡ್ರಿಲ್ ಆಶ್ರಯ ಕೊಠಡಿಯ ಹತ್ತಿರದ ಸುರಂಗಕ್ಕೆ ತೂರಿ ಬಂತು. ಕೆಳಗಿದ್ದವರು ಓಡಿಬಂದು ಕಬ್ಬಿಣದಿಂದ ಅದನ್ನು ಬಡಿದರು. ಕೆಂಪು ಬಣ್ಣ ಬಳಿದರು. ಸಿದ್ಧ ಮಾಡಿಟ್ಟಿದ್ದ ಚೀಟಿಗಳನ್ನು ಕಟ್ಟಿದರು. ಹೋಸೆ ಓಹೆದಾ ಬರೆದ ಚೀಟಿ ಮೇಲೆ ತಲುಪಿತು. ಕೆಂಪು ಅಕ್ಷರದಲ್ಲಿ ಒಂದೇ ಸಾಲು: ಆಶ್ರಯ ಕೊಠಡಿಯಲ್ಲಿ ನಾವು ಚೆನ್ನಾಗಿದ್ದೇವೆ, 33 ಮಂದಿ.

ಎಷ್ಟು ಅಚ್ಚುಕಟ್ಟಾದ ಸಾಲು ನೋಡಿ. ಎಲ್ಲಿದ್ದೇವೆ, ಹೇಗಿದ್ದೇವೆ, ಎಷ್ಟು ಜನ ಇದ್ದೇವೆ. ಮೇಲೆ ಕಾಯುತ್ತಿದ್ದ ಯಾವ ಮನೆಯವರೂ "ನಮ್ಮವನು?" ಅಂತ ಮತ್ತೆ ಕೇಳಬೇಕಾಗಲಿಲ್ಲ. ಆ ಒಂದು ಸಂಖ್ಯೆಯೇ ಎಲ್ಲವನ್ನೂ ಹೇಳಿತು. ಮರುದಿನ ಫೋನ್ ಇಳಿಸಿದಾಗ ಕೆಳಗಿನವರು ಮೊದಲು ವಿಚಾರಿಸಿದ್ದರಲ್ಲಿ ಒಂದು, ಕುಸಿತದ ಹೊತ್ತಿಗೆ ಲಾರಿ ಓಡಿಸಿಕೊಂಡು ಹೊರಗೆ ಹೊರಟಿದ್ದ ಒಬ್ಬ ಜೊತೆಗಾರನ ಬಗ್ಗೆ. ಅವನು ಪಾರಾದನಾ? ಪಾರಾಗಿದ್ದಾನೆ ಅಂತ ಕೇಳಿ ಹರ್ಷದಿಂದ ಕೂಗಿದರು.

ಸಹಾಯ ಬಂದ ಮೇಲೆ

ಇಲ್ಲಿಗೆ ಕಷ್ಟ ಮುಗಿಯಿತು ಅಂದುಕೊಳ್ಳುತ್ತೇವೆ, ಅಲ್ವಾ? ಇನ್ನೂ 52 ದಿನ ಬಾಕಿ ಇತ್ತು. ಅವು ಬೇರೆ ರೀತಿಯಲ್ಲಿ ಕಷ್ಟದ ದಿನಗಳಾದವು.

ಹಸಿದ ದೇಹಕ್ಕೆ ಒಮ್ಮೆಲೇ ಊಟ ಕೊಟ್ಟರೆ ಪ್ರಾಣಕ್ಕೇ ಅಪಾಯ. ಹಾಗಾಗಿ ವೈದ್ಯರು ಮೊದಲು ಗ್ಲೂಕೋಸ್ ನೀರು ಕಳಿಸಿದರು, ನಿಧಾನವಾಗಿ ಆಹಾರ ಹೆಚ್ಚಿಸಿದರು. ಕೊರೆದ ತೂತು ಸಣ್ಣದು. ಅದರೊಳಗೆ ಇಳಿಯುವಂಥ ಉದ್ದದ ಕೊಳವೆಗಳಲ್ಲಿ ಔಷಧಿ, ಊಟ, ಪತ್ರ, ಬಟ್ಟೆ ಎಲ್ಲ ಹೋಗಬೇಕು. ಕೊಳವೆಗಳಿಗೆ "ಪಾರಿವಾಳ" ಅಂತ ಹೆಸರಿಟ್ಟರು. ನಾಸಾದಿಂದ ವೈದ್ಯರು, ಮನಶ್ಶಾಸ್ತ್ರಜ್ಞ, ಎಂಜಿನಿಯರ್ ಸೇರಿ ನಾಲ್ವರ ತಂಡ ಬಂತು. ಹಗಲು ರಾತ್ರಿಯ ಕ್ರಮ ತಪ್ಪಬಾರದು, ಎಲ್ಲರಿಗೂ ಕೆಲಸ ಇರಬೇಕು, ಬೇಗ ಬಿಡಿಸುತ್ತೇವೆ ಅಂತ ಸುಳ್ಳು ಆಸೆ ಹುಟ್ಟಿಸಬಾರದು ಅನ್ನುವುದು ಅವರ ಸಲಹೆಯ ಸಾರ. ಕಾರ್ಮಿಕರು ಮೂರು ಗುಂಪಾದರು. ಗುಂಪಿಗೆ 11 ಜನ, 8 ಗಂಟೆಯ ಪಾಳಿ.

ಮೇಲಿನವರಿಗೆ ಒಂದು ದೊಡ್ಡ ಪ್ರಶ್ನೆ ಇತ್ತು. ಹೊರಗೆ ತರಲು ತಿಂಗಳುಗಳೇ ಬೇಕು, ಕ್ರಿಸ್‌ಮಸ್ ಹೊತ್ತಿಗೆ ಆಗಬಹುದು. ಇದನ್ನು ಕೆಳಗಿನವರಿಗೆ ಹೇಳುವುದೋ ಬೇಡವೋ? ಮೊದಲು ಹಿಂಜರಿದರು. ಆಮೇಲೆ ಹೇಳಿದರು. ಕಾರ್ಮಿಕರು ಅದನ್ನು ಅಂದುಕೊಂಡದ್ದಕ್ಕಿಂತ ಸಮಾಧಾನವಾಗಿ ತೆಗೆದುಕೊಂಡರು. ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ಎಷ್ಟು ದಿನ ಅಂತ ಗೊತ್ತಾದರೆ ಅದನ್ನು ಪಾಳಿಯಾಗಿ ಹಂಚಿಕೊಳ್ಳಬಹುದು. ನಮ್ಮ ಮನೆಗಳಲ್ಲಿ ದೊಡ್ಡ ಕಾಯಿಲೆ ಬಂದಾಗ ರೋಗಿಯಿಂದಲೇ ವಿಷಯ ಮುಚ್ಚಿಡುತ್ತೇವೆ. ಪ್ರೀತಿಯಿಂದಲೇ ಮುಚ್ಚಿಡುತ್ತೇವೆ. ಆದರೆ ಮುಚ್ಚಿಟ್ಟದ್ದು ಅವರಿಗೆ ಹೇಗೂ ಗೊತ್ತಾಗುತ್ತದೆ, ಗೊತ್ತಾದ ಮೇಲೆ ಅವರು ಒಂಟಿಯಾಗಿ ಹೆದರಬೇಕಾಗುತ್ತದೆ. ಹೇಳುವ ರೀತಿ, ಹೇಳುವ ಹೊತ್ತು ಯೋಚಿಸಬೇಕು, ಒಪ್ಪುತ್ತೇನೆ. ಹೇಳದೇ ಇರುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಮೇಲಿನವರು ಎಡವಿದ್ದೂ ಉಂಟು. ಮನೆಯಿಂದ ಬರುವ ಪತ್ರಗಳನ್ನು ಮೊದಲು ಓದಿ ನೋಡಿ ಆಮೇಲೆ ಕೆಳಗೆ ಕಳಿಸುತ್ತಿದ್ದರು. ಬೇಸರದ ಸುದ್ದಿ ತಲುಪದಿರಲಿ ಅನ್ನುವ ಉದ್ದೇಶ. ಕಾರ್ಮಿಕರಿಗೆ ಕೋಪ ಬಂತು. ಅದು ನ್ಯಾಯವಾದ ಕೋಪ. 17 ದಿನ ತಮ್ಮನ್ನು ತಾವೇ ನಡೆಸಿಕೊಂಡ ಗಂಡಸರನ್ನು ಮಕ್ಕಳ ಹಾಗೆ ನೋಡಬಾರದಿತ್ತು.

ಇದೇ ದಿನಗಳಲ್ಲಿ ಒಳಗಿನ ಒಗ್ಗಟ್ಟೂ ಸಡಿಲವಾಯಿತು. ಎರಡು ಚಮಚ ಇದ್ದಾಗ ಹಂಚಿಕೊಂಡಿದ್ದವರು ಈಗ ತಂತಮ್ಮ ಪತ್ರ, ತಂತಮ್ಮ ಪೊಟ್ಟಣ ಹಿಡಿದು ಬೇರೆಬೇರೆ ಮೂಲೆಗೆ ಹೋದರು. ಹೊರಗೆ ಪತ್ರಕರ್ತರ ಜಾತ್ರೆ. ಯಾರು ಜಾಸ್ತಿ ಪ್ರಸಿದ್ಧ, ಕಥೆ ಮಾರಿದರೆ ಯಾರಿಗೆ ಎಷ್ಟು ದುಡ್ಡು ಅನ್ನುವ ಮಾತು ಬಂತು. ತಮ್ಮೆಲ್ಲರ ಕಥೆಯಿಂದ ಬರುವ ಹಣವನ್ನು ಸಮನಾಗಿ ಹಂಚಿಕೊಳ್ಳೋಣ ಅಂತ ಅವರು ಒಪ್ಪಂದ ಮಾಡಿಕೊಂಡದ್ದು ಆ ಮಾತುಗಳ ನಡುವೆಯೇ. ಬಡತನದಲ್ಲಿ ಜೊತೆಗಿದ್ದ ಅಣ್ಣತಮ್ಮಂದಿರು ಜಮೀನಿಗೆ ಬೆಲೆ ಬಂದ ದಿನ ಬೇರೆಯಾಗುವುದನ್ನು ಕಂಡ ನಮಗೆ ಇದು ಅರ್ಥವಾಗದ ವಿಷಯವಲ್ಲ.

ಇನ್ನು ಕೊರೆತದ ಕಥೆ ಬೇಗ ಹೇಳಿ ಮುಗಿಸಬಹುದು. ಮೂರು ಯಂತ್ರ, ಮೂರು ಯೋಜನೆ, ಒಂದೇ ಹೊತ್ತಿನಲ್ಲಿ. ಎರಡನೆಯ ಯೋಜನೆ ಅಕ್ಟೋಬರ್ 9ರಂದು ಮೊದಲು ತಲುಪಿತು. ಮನುಷ್ಯನೊಬ್ಬ ನಿಂತು ಬರುವಷ್ಟೇ ಅಗಲದ ಬಾವಿ. ಅದರಲ್ಲಿ ಇಳಿಸಲು ಚಿಲಿಯ ನೌಕಾಪಡೆ "ಫೆನಿಕ್ಸ್" ಅನ್ನುವ ಪಂಜರದಂಥ ಉಕ್ಕಿನ ಕೋಶ ಮಾಡಿತು. ಅಗಲ ಸುಮಾರು 54 ಸೆಂಟಿಮೀಟರ್. ಅಕ್ಟೋಬರ್ 12ರ ರಾತ್ರಿ ಮ್ಯಾನುವೆಲ್ ಗೊನ್ಸಾಲೆಸ್ ಎಂಬ ರಕ್ಷಣಾ ಸಿಬ್ಬಂದಿ ಒಬ್ಬರೇ ಅದರೊಳಗೆ ನಿಂತು ಕೆಳಗಿಳಿದರು. ಮಧ್ಯರಾತ್ರಿ ಕಳೆದು 11 ನಿಮಿಷಕ್ಕೆ ಮೊದಲ ಕಾರ್ಮಿಕ ಮೇಲೆ ಬಂದರು. 13ರ ರಾತ್ರಿ 10 ಗಂಟೆಗೆ ಇನ್ನು ಐದು ನಿಮಿಷ ಇರುವಾಗ ಕೊನೆಯವರು ಬಂದರು. ಕೊನೆಯವರು ಉರ್ಸೂವಾ.

ಕೆಳಗೆ ಪ್ರತಿದಿನ ಸುರಂಗದಲ್ಲಿ ಓಡುತ್ತಿದ್ದ ಎಡಿಸನ್ ಪೆನ್ಯಾ ತಿಂಗಳೊಳಗೆ ನ್ಯೂಯಾರ್ಕ್ ಮ್ಯಾರಥಾನ್ ಓಡಿದರು. ಮೊಣಕಾಲು ನೋವಿನಿಂದ ಸ್ವಲ್ಪ ದೂರ ನಡೆದರು, ಆದರೂ 5 ಗಂಟೆ 40 ನಿಮಿಷದಲ್ಲಿ ಮುಗಿಸಿದರು.

ನಮ್ಮ ಸಿಲ್ಕ್ಯಾರಾ

ಇಂಥದ್ದೇ ಒಂದು ಪ್ರಕರಣ ನಮ್ಮ ದೇಶದಲ್ಲೂ ನಡೆಯಿತು. 2023ರ ನವೆಂಬರ್ 12, ದೀಪಾವಳಿಯ ದಿನ, ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯ ಸಿಲ್ಕ್ಯಾರಾದಲ್ಲಿ ಕಟ್ಟುತ್ತಿದ್ದ ರಸ್ತೆ ಸುರಂಗ ಕುಸಿದು 41 ಕಾರ್ಮಿಕರು ಒಳಗೆ ಸಿಕ್ಕಿಕೊಂಡರು. ಜಾರ್ಖಂಡ್, ಉತ್ತರಪ್ರದೇಶ, ಬಿಹಾರ, ಒಡಿಶಾದಂಥ ರಾಜ್ಯಗಳಿಂದ ಕೂಲಿಗೆ ಬಂದವರೇ ಹೆಚ್ಚು. ಅವರೂ ಕಾದದ್ದು 17 ದಿನ. ಚಿಲಿಯವರಿಗಿಂತ ಅವರಿಗೆ ಅನುಕೂಲವಾದದ್ದು ಒಂದು ಸಣ್ಣ ಪೈಪು. ಬೇಗನೆ ಅದರಿಂದ ಮಾತು ಸಿಕ್ಕಿತು, ಮಂಡಕ್ಕಿ, ಕಡಲೆ, ಒಣಹಣ್ಣು ಹೋಯಿತು. ಸ್ವಲ್ಪ ದೊಡ್ಡ ಪೈಪು ಒಳಗೆ ಹೋದ ಮೇಲೆ ಬಾಟಲಿಗಳಲ್ಲಿ ಬಿಸಿ ಕಿಚಡಿ ಹೋಯಿತು. ಒಳಗೆ ಸುಮಾರು ಎರಡು ಕಿಲೋಮೀಟರ್ ಸುರಂಗ ಖಾಲಿ ಇತ್ತು. ಅಲ್ಲಿ ನಡೆದಾಡಿದರು, ಯೋಗ ಮಾಡಿದರು, ಆಟ ಆಡಿದರು. ಅವರಲ್ಲೊಬ್ಬ ಹಿರಿಯ ಫೋರ್‌ಮನ್ ಎಲ್ಲರೂ ಹೋದ ಮೇಲೆ ಕೊನೆಗೆ ತಾನು ಬರುತ್ತೇನೆ ಅಂತ ಹೇಳಿದ್ದರು.

ಅಮೆರಿಕದಿಂದ ಬಂದ ದೊಡ್ಡ ಕೊರೆಯುವ ಯಂತ್ರ ಕೊನೆಯ ಹತ್ತು ಹನ್ನೆರಡು ಮೀಟರ್ ಇರುವಾಗ ಮುರಿದು ನಿಂತಿತು. ಆಗ ಕೆಲಸಕ್ಕೆ ಬಂದವರು ಇಲಿಬಿಲದಂಥ ಕಿರಿದಾದ ಸುರಂಗವನ್ನು ಕೈಯಿಂದಲೇ ತೋಡುವ ಕಾರ್ಮಿಕರು. ನವೆಂಬರ್ 28ರ ಸಂಜೆ ಅವರು ಆ ಕಡೆ ತಲುಪಿದರು. 41 ಮಂದಿಯೂ ಬಂದರು. ಬಡ ಕೂಲಿಯವರು ಸಿಕ್ಕಿಬಿದ್ದರು, ಬಡ ಕೂಲಿಯವರೇ ಬಿಡಿಸಿದರು. ಆ ಸುರಂಗದಲ್ಲೂ ಹೊರಬರುವ ಬೇರೆ ದಾರಿ ಇರಲಿಲ್ಲ ಅನ್ನುವುದನ್ನು ಮರೆಯಬಾರದು.

ಹೊರಗೆ ಬಂದ ಮೇಲಿನ ವರ್ಷಗಳು

ಸ್ಫೂರ್ತಿಯ ಭಾಷಣಗಳು ಸಾನ್ ಹೋಸೆ ಕಥೆಯನ್ನು ಅಕ್ಟೋಬರ್ 13ಕ್ಕೆ ನಿಲ್ಲಿಸುತ್ತವೆ. ಆದರೆ ಆ ಮನುಷ್ಯರ ಬದುಕು ಅಲ್ಲಿಗೆ ನಿಲ್ಲಲಿಲ್ಲ. ಹಲವರಿಗೆ ನಿದ್ದೆ ಬರಲಿಲ್ಲ. ಕತ್ತಲೆ, ಮುಚ್ಚಿದ ಕೋಣೆ ಕಂಡರೆ ಬೆವರು. ವರ್ಷಗಟ್ಟಲೆ ಮಾತ್ರೆ ನುಂಗಿದರು. ಮೊದಲು ಪ್ರವಾಸ, ಸನ್ಮಾನ, ಉಡುಗೊರೆ. ಆಮೇಲೆ ಕರೆಯುವವರಿಲ್ಲ. ಕೆಲವರಿಗೆ ಗಣಿಗಳಲ್ಲಿ ಕೆಲಸವೇ ಸಿಗಲಿಲ್ಲ. ವಯಸ್ಸಾದ ಕೆಲವರಿಗೆ ಸರ್ಕಾರ ಪಿಂಚಣಿ ಕೊಟ್ಟಿತು, ಉಳಿದವರಿಗೆ ಇಲ್ಲ. ಇವರು ಕೋಟ್ಯಧೀಶರಾಗಿದ್ದಾರೆ ಅಂತ ಊರವರು ಅಂದುಕೊಂಡದ್ದು ಬೇರೆ.

17 ದಿನ ಅವರನ್ನು ಹಿಡಿದಿಟ್ಟ ಆ ಕ್ರಮ, ಆ ಪಾಲು, ಆ ದಿನನಿತ್ಯದ ಸೇರುವಿಕೆ ಮೇಲೆ ಬಂದ ಮೇಲೆ ಇರಲಿಲ್ಲ. ಪ್ರತಿಯೊಬ್ಬನೂ ತನ್ನ ಮನೆಯಲ್ಲಿ ತನ್ನ ರಾತ್ರಿಯನ್ನು ಒಬ್ಬನೇ ಕಳೆಯಬೇಕಾಯಿತು. ಆಸ್ಪತ್ರೆಯಿಂದ ಮನೆಗೆ ಬಂದವರನ್ನು, ತೀರಿಕೊಂಡವರ ಹದಿಮೂರನೇ ದಿನ ಕಳೆದ ಮನೆಯವರನ್ನು ನಾವೂ ಹೀಗೇ ಬಿಟ್ಟುಬಿಡುತ್ತೇವೆ. ಕಷ್ಟದ ನಡುವೆ ಇರುವವರ ಸುತ್ತ ಜನ ಇರುತ್ತಾರೆ. ಕಷ್ಟ ಮುಗಿಯಿತು ಅಂತ ಬೇರೆಯವರಿಗೆ ಅನ್ನಿಸಿದ ಮೇಲೆ ಶುರುವಾಗುವ ಕಾಲ ಒಂದಿದೆ. ಆಗ ಫೋನ್ ಮಾಡುವವರು ತುಂಬಾ ಕಡಿಮೆ. ಈ ಪ್ರಕರಣ ಓದುವವರು ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅಂತ ನಾನು ಒತ್ತಿ ಹೇಳುತ್ತೇನೆ.

ಏಣಿ ಹಾಕದವರಿಗೆ ಏನಾಯಿತು? 2013ರಲ್ಲಿ ತನಿಖೆಯನ್ನು ಯಾರ ಮೇಲೂ ಆರೋಪ ಹೊರಿಸದೆ ಮುಚ್ಚಿದರು. ಕಾರ್ಮಿಕರು ಸುಮ್ಮನಾಗಲಿಲ್ಲ. ಅಪಾಯದ ಗಣಿಯನ್ನು ತೆರೆಯಲು ಬಿಟ್ಟ ಸರ್ಕಾರದ ಮೇಲೆ ಅವರಲ್ಲಿ 31 ಮಂದಿ ಒಟ್ಟಾಗಿ ಸಿವಿಲ್ ಮೊಕದ್ದಮೆ ಹೂಡಿದರು. 2018ರಲ್ಲಿ ಸಾಂಟಿಯಾಗೊದ ನ್ಯಾಯಾಲಯ, ಒಬ್ಬೊಬ್ಬರಿಗೂ 8 ಕೋಟಿ ಪೆಸೊ ಪರಿಹಾರ ಕೊಡಬೇಕು ಅಂತ ಆದೇಶಿಸಿತು.